ಹಾತಲಗೇರಿ ನಾಕಾದಲ್ಲಿ ಎರಡು ಸುತ್ತು

ಹೊನ್ನೇಶನ ಸರದಿ ಏಳನೆಯದು. ಅದು ಗೊತ್ತಾದಾಗಿನಿಂದ ಮೂರು ಲೋಟ ನೀರು ಕುಡಿದಿದ್ದ. ನಾಲ್ಕನೆಯದನ್ನು ಕೇಳಲು ಮನಸ್ಸಾಗದೆ ಖಾಲಿ ಲೋಟವನ್ನು ಅಂಗೈಯಲ್ಲಿ ತಿರುಗಿಸುತ್ತ ಕೂತಿದ್ದ. ಕೇಳಿದರೆ ಬಾಯಿ ಬಿಡಬೇಕು, ಬಾಯಿ ಬಿಟ್ಟರೆ ಬಡಿಸುವವನು ತಿರುಗಿ ನೋಡುತ್ತಾನೆ. ಆ ನೋಟದ ಪರಿಚಯ ಅವನಿಗೆ ಚೆನ್ನಾಗಿತ್ತು. ಈ ದನಿ ಎಲ್ಲೋ ಕೇಳಿದ್ದೇನಲ್ಲ ಎಂದು ಮೊದಲು ಹುಬ್ಬು ಮೇಲೇರುತ್ತದೆ, ಎಲ್ಲಿ ಎಂದು ಹೊಳೆದ ಕೂಡಲೇ ಕಣ್ಣು ಕೆಳಗಿಳಿಯುತ್ತದೆ. ಅದಕ್ಕೇ ಇವತ್ತು ತಿಂಡಿಯನ್ನೂ ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿ ತರಿಸಿಕೊಂಡಿದ್ದ. ಸ್ಟೇಶನ್ ರಸ್ತೆಯ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಹೊಸದಾಗಿ ತೆರೆದ ಸಣ್ಣ ರೆಸ್ಟೋರೆಂಟು ಅದು. ರವಿವಾರ ಸಂಜೆಯ ಬಿಸಿಲು ಇನ್ನೂ ಕಿಟಕಿಯಲ್ಲಿತ್ತು. ಮೂಲೆಯ ಎರಡು ಟೇಬಲ್ಲು ಸರಿಸಿ, ಜಮಖಾನೆ ಹಾಸಿ, ಮೈಕು ನಿಲ್ಲಿಸಿದ್ದರು. ಯಾರು ಬೇಕಾದರೂ ಹೆಸರು ಕೊಟ್ಟು ಐದು ನಿಮಿಷ ಅಲ್ಲಿ ನಿಂತು ಜನರನ್ನು ನಗಿಸಬಹುದು. ಇದಕ್ಕೆ ಓಪನ್ ಮೈಕ್ ಅನ್ನುತ್ತಾರಂತೆ. ಹೆಸರು ಕೊಟ್ಟವರೆಲ್ಲ ಕಾಲೇಜಿನವರು. ನಲವತ್ತೆರಡರ ವಯಸ್ಸಿನಲ್ಲಿ, ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ ತೊಟ್ಟು ಬಂದವನು ತಾನೊಬ್ಬನೇ ಎಂದು ಒಳಗೆ ಕಾಲಿಟ್ಟಾಗಲೇ ತಿಳಿದಿತ್ತು. ತಿರುಗಿ ಹೋಗಬಹುದಿತ್ತು, ಹೋಗಲಿಲ್ಲ.

ಹೋಗದೇ ಇದ್ದದ್ದು ವಿದ್ಯಾಶ್ರೀಯ ನಗುವಿನ ಸಲುವಾಗಿ. ಈ ರೆಸ್ಟೋರೆಂಟಿನ ಮಾಲಕರ ಮಗಳು ಅವಳು. ಎರಡು ತಿಂಗಳ ಹಿಂದೆ ಜಾಹೀರಾತು ಓದಿಸಲು ಬೆಟಗೇರಿಯಲ್ಲಿರುವ ಅವನ ರೆಕಾರ್ಡಿಂಗ್ ಕೋಣೆಗೆ ಬಂದಿದ್ದಳು. ‘ನಾ ಓದಿದ್ರ ಮಂದಿ ಊಟಕ್ಕ ಬರೂದಿಲ್ರಿ, ಹೆಗಲು ಕೊಡಾಕ ಬರ್ತಾರ’ ಎಂದು ಹೊನ್ನೇಶ ಬೇಸರದಿಂದಲೇ ಹೇಳಿದ್ದ. ಅವಳು ಗೋಡೆ ಹಿಡಿದುಕೊಂಡು ನಕ್ಕಳು. ‘ಸರ, ನೀವು ನಮ್ಮ ಓಪನ್ ಮೈಕಿಗೆ ಬರ್ರಿ’ ಅಂದಳು. ಅವಳು ಹೋದ ಮೇಲೆ ಅವನು ಅದೇ ಮಾತನ್ನು ಕೋಣೆಯಲ್ಲಿ ಒಬ್ಬನೇ ನಾಲ್ಕಾರು ರೀತಿಯಲ್ಲಿ ಹೇಳಿ ನೋಡಿದ. ತನ್ನ ದನಿಗೆ ಒಬ್ಬರಾದರೂ ನಕ್ಕದ್ದನ್ನು ಅವನು ಹದಿನಾರು ವರ್ಷಗಳಲ್ಲಿ ಕಂಡಿರಲಿಲ್ಲ. ಹದಿನಾರು ವರ್ಷದಿಂದ ಗದಗ-ಬೆಟಗೇರಿಯಲ್ಲಿ ಯಾರು ತೀರಿಕೊಂಡರೂ ಊರಿಗೆ ಸಾರುವ ದನಿ ಅವನದು. ಮನೆಯವರು ಫೋನ್ ಮಾಡುತ್ತಾರೆ, ಅವನು ಓದಿ ಪೆನ್ ಡ್ರೈವಿಗೆ ಹಾಕಿಕೊಡುತ್ತಾನೆ, ಶಫೀಕನ ಆಟೋ ಧ್ವನಿವರ್ಧಕದ ಕರ್ಣ ಕಟ್ಟಿಕೊಂಡು ಅದನ್ನು ಸಾರುತ್ತ ಓಣಿ ಓಣಿ ತಿರುಗುತ್ತದೆ. ಹೆಸರಾದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು, ‘ಲಿಂಗೈಕ್ಯರಾಗಿದ್ದಾರೆ’ ಎನ್ನುವಾಗ ದನಿ ಎಷ್ಟು ಇಳಿಯಬೇಕು, ಇದೆಲ್ಲ ಅವನಷ್ಟು ಬಲ್ಲವರು ಜಿಲ್ಲೆಯಲ್ಲೇ ಇಲ್ಲ. ಆ ಹೆಮ್ಮೆ ಅವನಿಗಿತ್ತು. ಆದರೆ ಅವನು ಯಾರಿಗಾದರೂ ಫೋನ್ ಮಾಡಿ ಹಲೋ ಅಂದರೆ ಸಾಕು, ಆ ಕಡೆಯಿಂದ ‘ಯಾರು ಹೋದ್ರಿ?’ ಎಂದೇ ಕೇಳುತ್ತಿದ್ದರು. ಹೊಂಬಳದಲ್ಲಿ ಚಿಕ್ಕಪ್ಪನ ಮಗನ ಲಗ್ನದಲ್ಲಿ ಕಾಕಿ ಪಕ್ಕಕ್ಕೆ ಕರೆದು, ‘ಅಕ್ಕಿಕಾಳು ಹಾಕು, ಆದರ ಏನೂ ಮಾತಾಡಬ್ಯಾಡಪಾ’ ಅಂದಿದ್ದಳು. ಮುಂಡರಗಿ ಕಡೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಅಜ್ಜಿ, ಹುಚ್ಚವ್ವ ಎಂದು ಹೆಸರು, ಅವನು ‘ನಮಸ್ಕಾರರಿ’ ಅಂದದ್ದೇ ತಡ ಎದ್ದು ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ಗದಗಿನಲ್ಲಿ ಮಗನ ಮನೆಯಲ್ಲಿದ್ದಾಗ ಅವಳು ಆ ದನಿಯನ್ನು ದಿನಾ ಕೇಳಿದ್ದಳಂತೆ. ಆಮೇಲೆ ಅವನು ಹೆಣ್ಣು ನೋಡುವುದನ್ನೇ ಬಿಟ್ಟ.

ಮೈಕಿನ ಮುಂದೆ ಈಗ ಲಕ್ಷ್ಮೇಶ್ವರದ ಹುಡುಗನೊಬ್ಬ ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುವವರನ್ನು ಅನುಕರಿಸುತ್ತಿದ್ದ. ಅಂಥದ್ದೇನೂ ಇರಲಿಲ್ಲ ಅದರಲ್ಲಿ, ಆದರೂ ಜನ ನಗುತ್ತಿದ್ದರು. ಹೊನ್ನೇಶ ನಗದೆ ನಗುವವರನ್ನು ನೋಡಿದ. ಕೈತೊಳೆಯುವ ಬೇಸಿನ್ನಿನ ಪಕ್ಕದ ಟೇಬಲ್ಲಿನಲ್ಲಿ ಗಂಡ ಹೆಂಡತಿ ಮಗಳು ಮೂವರಿದ್ದರು. ಮಗಳ ಹುಟ್ಟುಹಬ್ಬವಿರಬೇಕು, ಮುಂದೆ ಕೇಕು ಇತ್ತು. ಹೆಂಗಸಿಗೆ ನಲವತ್ತರ ಆಚೆ ಈಚೆ. ಅವಳು ಎಲ್ಲದಕ್ಕೂ ಸೆರಗು ಬಾಯಿಗೆ ಹಚ್ಚಿಕೊಂಡು ನಗುತ್ತಿದ್ದಳು, ನಕ್ಕು ಮುಗಿಸಿ ಮಗಳ ಮುಖ ನೋಡುತ್ತಿದ್ದಳು. ಅವಳನ್ನೇ ನೋಡಿಕೊಂಡು ಹೇಳಿಬಿಡಬೇಕು ಎಂದುಕೊಂಡ ಹೊನ್ನೇಶ. ಒಬ್ಬರು ನಕ್ಕರೆ ಸಾಕು, ಉಳಿದವರು ಹಿಂದೆ ಬರುತ್ತಾರೆ. ಕಿಸೆಯಲ್ಲಿ ಬರೆದುಕೊಂಡ ಚೀಟಿ ಇತ್ತು. ಫೋನಿನ ಮಾತು, ಹುಚ್ಚವ್ವನ ಮಾತು, ಹೆಗಲು ಕೊಡುವ ಮಾತು, ಹೀಗೆ ಆರು. ಏಳನೆಯದೊಂದು ಇತ್ತು, ಎಲ್ಲಕ್ಕಿಂತ ಚೆಂದದ್ದು. ಅದನ್ನು ಬರೆದಿರಲಿಲ್ಲ. ಉಳವಪ್ಪನವರ ಸಂಗತಿ ಹೇಳಬಾರದು ಎಂದು ನಿನ್ನೆ ಸ್ನಾನ ಮಾಡುವಾಗ ಗಟ್ಟಿಯಾಗಿಯೇ ಹೇಳಿಕೊಂಡಿದ್ದ.

ಹೆಸರು ಕರೆದರು. ಜಮಖಾನೆಯ ಅಂಚು ಕಾಲಿಗೆ ತೊಡರಿ ಮುಗ್ಗರಿಸಿದ. ಅದಕ್ಕೆ ಯಾರೋ ನಕ್ಕರು, ಒಳ್ಳೆಯದಾಯಿತು ಅನ್ನಿಸಿತು. ಮೈಕು ಹಿಡಿದು, ‘ಎಲ್ಲಾರಿಗೂ ನಮಸ್ಕಾರರಿ’ ಅಂದ. ಅಷ್ಟೇ. ಕಿಟಕಿಯ ಹತ್ತಿರ ಚಮಚ ತಟ್ಟೆಗೆ ಇಟ್ಟ ಸದ್ದಾಯಿತು. ಯಜಮಾನರೊಬ್ಬರು ನೆಟ್ಟಗೆ ಕೂತು ತಲೆಯ ಮೇಲಿನ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು, ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಮಾಡಿತ್ತು. ಹುಡುಗಿಯೊಬ್ಬಳು ಗೆಳತಿಯ ಕಿವಿಯಲ್ಲಿ ಏನೋ ಅಂದಳು, ಗೆಳತಿ ‘ಹೌದಲ್ಲ’ ಎಂದು ಬಾಯಿ ಮುಚ್ಚಿಕೊಂಡಳು. ಹೊನ್ನೇಶ ಫೋನಿನ ಮಾತು ಹೇಳಿದ. ಯಾರೂ ನಗಲಿಲ್ಲ. ಹುಚ್ಚವ್ವನದು ಹೇಳಿದ. ಯಾರೋ ಅಯ್ಯೋ ಎಂದು ಮರುಗಿದರು. ವಿದ್ಯಾಶ್ರೀ ಗೋಡೆಯ ಹತ್ತಿರ ನಿಂತು ಅತ್ಯಂತ ಕರುಣೆಯಿಂದ ನಗುತ್ತಿದ್ದಳು, ಆ ನಗೆ ಎಲ್ಲಕ್ಕಿಂತ ಕೆಟ್ಟದಾಗಿತ್ತು. ಹೆಗಲು ಕೊಡುವ ಮಾತು ಬಾಯಲ್ಲೇ ಮುರಿಯಿತು. ಇನ್ನೂ ಮೂರು ನಿಮಿಷಕ್ಕೂ ಹೆಚ್ಚು ಉಳಿದಿತ್ತು. ಇಷ್ಟು ಜನರ ಮುಂದೆ ಇಷ್ಟು ಒಬ್ಬಂಟಿಯಾಗಿ ಅವನು ಹಿಂದೆಂದೂ ನಿಂತಿರಲಿಲ್ಲ. ಕೋಣೆಯಲ್ಲಿ ಒಬ್ಬನೇ ಓದುವಾಗ ಹೀಗಾಗುವುದಿಲ್ಲ. ಅಲ್ಲಿ ಕೇಳುವವರು ಇಲ್ಲ.

‘ಒಮ್ಮೆ ಜೀವಂತ ಇದ್ದವರನ್ನ ಸಾಯಿಸಿಬಿಟ್ಟಿದ್ದೆರಿ’ ಅಂದ. ಎಲ್ಲರೂ ತಲೆ ಎತ್ತಿದರು. ಹೇಳಿದ ಮೇಲೆ ನಿಲ್ಲಿಸಲು ಆಗಲಿಲ್ಲ.

ಹೆಸರು ಹೇಳಲಿಲ್ಲ, ಬೆಟಗೇರಿಯ ಒಬ್ಬ ಯಜಮಾನರು ಅಂದ, ಅಷ್ಟು ಎಚ್ಚರ ಇತ್ತು. ಯಜಮಾನರು ಹಾಸಿಗೆ ಹಿಡಿದು ತಿಂಗಳಾಗಿತ್ತು. ಅವರ ಮಗ ಮುಂಚಿತವಾಗಿಯೇ ಬಂದು, ‘ಇವತ್ತೋ ನಾಳೆಯೋ ಅಂತಾರ, ಆ ಹೊತ್ತಿಗೆ ನೀವು ಊರಾಗ ಇರ್ತೀರೋ ಇಲ್ಲೋ, ರೆಕಾರ್ಡ್ ಮಾಡಿ ಇಟ್ಟುಬಿಡ್ರಿ’ ಅಂದಿದ್ದ. ಹಾಗೆ ಮೊದಲೇ ಮಾಡಿಡುವುದು ಈ ಕೆಲಸದಲ್ಲಿ ಇದ್ದದ್ದೇ. ಹೊನ್ನೇಶ ಮಾಡಿದ. ತಾರೀಖು ಹಾಕಲಿಲ್ಲ, ‘ಇಂದು’ ಅಂದ. ಇಂದು ಎಂದರೆ ಯಾವ ದಿನಕ್ಕಾದರೂ ನಡೆಯುತ್ತದೆ. ಇಲ್ಲಿ ಮೊದಲನೆಯ ನಗು ಬಂತು, ಸಣ್ಣದು, ಕಿಟಕಿಯ ಕಡೆಯಿಂದ. ಆಮೇಲೆ ಅದನ್ನು ಪೆನ್ ಡ್ರೈವಿಗೂ ಹಾಕಿದ, ಮರೆತು ಹೋಗಬಾರದಲ್ಲ. ಶಫೀಕನ ಆಟೋದ ಮಷೀನಿನಲ್ಲಿ ಹೆಸರು ಕಾಣುವುದಿಲ್ಲ, ಬರೀ ನಂಬರು. ಒಂದು ಬೆಳಿಗ್ಗೆ ಯಾರದೋ ಸುದ್ದಿ ಸಾರಲು ಹೋದ ಶಫೀಕ ಬಟನ್ನು ಒಂದು ಸಲ ಹೆಚ್ಚಿಗೆ ಒತ್ತಿದ. ಅರ್ಧ ತಾಸಿನಲ್ಲಿ ಮಗನ ಫೋನ್ ಬಂತು. ‘ಏನ್ ಹಚ್ಚೀರಿ ನೀವು? ನಮ್ಮಪ್ಪ ಇಲ್ಲಿ ಚಾ ಕುಡಿಯಾಕತ್ತಾನ.’

ನಗು ಈಗ ಎಲ್ಲ ಟೇಬಲ್ಲುಗಳಿಂದ ಬಂತು. ಅದು ಎದೆಗೆ ಬಂದು ತಾಗಿದ ಹಾಗಾಯಿತು. ಬೇಸಿನ್ನಿನ ಪಕ್ಕದ ಹೆಂಗಸು ಸೆರಗು ಬಾಯಿಗೆ ಹಚ್ಚಿಕೊಂಡಿದ್ದಳು, ಭುಜ ಕುಣಿಯುತ್ತಿತ್ತು. ಹೊನ್ನೇಶ ಅವಳಿಗೇ ಹೇಳಿದ. ಫೋನ್ ಮಾಡಿ ಆಟೋ ನಿಲ್ಲಿಸುವುದರೊಳಗೆ ಮಾಲೆ ಹಿಡಿದುಕೊಂಡು ಮಂದಿ ಬಂದಿದ್ದರು. ಯಜಮಾನರು ದಿಂಬಿಗೆ ಒರಗಿ ಕೂತಿದ್ದಾರೆ. ಬಂದವನು ಮಾಲೆಯನ್ನು ಬೆನ್ನ ಹಿಂದೆ ಬಚ್ಚಿಡಲು ನೋಡುತ್ತಾನೆ. ‘ತಂದೀಯಲ್ಲಲೇ, ಹಾಕು’ ಅನ್ನುತ್ತಾರೆ ಇವರು. ಹಾಗೆ ಹನ್ನೊಂದು ಮಾಲೆ ಹಾಕಿಸಿಕೊಂಡರು. ಅಮೃತವ್ವ ಎನ್ನುವ ಮುದುಕಿ ಓಣಿಯ ತುದಿಯಿಂದಲೇ ಹಾಡಿ ಅಳುತ್ತ ಬಂದವಳು ಹೊಸ್ತಿಲು ದಾಟಿ, ಇವರು ಕೂತದ್ದನ್ನು ಕಂಡರೂ ನಿಲ್ಲಿಸಲಿಲ್ಲ. ‘ಶುರು ಮಾಡೇನಿ, ಮುಗಿಸೇ ಹೋಗ್ತೀನಿ’ ಅಂದಳು. ಇವರು, ‘ನನ್ನ ಎತ್ತಿನ ಬಗ್ಗೆ ಬಿಟ್ಟಿ ನೋಡು, ಅದನ್ನೂ ಹಾಡು’ ಎಂದು ನೆನಪು ಮಾಡಿದರು. ಟೋಪಿ ತೆಗೆದಿಟ್ಟಿದ್ದ ಯಜಮಾನರು ಮೇಜು ಬಡಿದು ನಕ್ಕರು. ಲಕ್ಷ್ಮೇಶ್ವರದ ಹುಡುಗ ಫೋನಿನಲ್ಲಿ ಇದನ್ನು ಹಿಡಿಯುತ್ತಿದ್ದ. ಬದುಕಿನಲ್ಲಿ ಇಷ್ಟು ಸುಖ ಇದೆ ಎಂದು ಹೊನ್ನೇಶನಿಗೆ ಗೊತ್ತಿರಲಿಲ್ಲ. ಇಲ್ಲಿಗೆ ಕೈಮುಗಿದು ಇಳಿದಿದ್ದರೆ ಆಗುತ್ತಿತ್ತು. ಇನ್ನೂ ಒಂದೂವರೆ ನಿಮಿಷ ಇತ್ತು, ಹಸಿವೂ ಇತ್ತು.

‘ಮರುದಿನ ತಪ್ಪಾತರಿ ಅನ್ನಾಕ ಅವರ ಮನಿಗೆ ಹೋದೆ’ ಅಂದ. ಹೋದದ್ದು ಮಧ್ಯಾಹ್ನ. ಬಾಡಿದ ಮಾಲೆಗಳನ್ನು ಉಳವಪ್ಪನವರು ಕಿಟಕಿಯ ಸರಳಿಗೆ ಸಾಲಾಗಿ ಕಟ್ಟಿಸಿಕೊಂಡಿದ್ದರು, ಯಾರದು ಯಾವುದು ಎಂದು ಒಂದೊಂದನ್ನೇ ತೋರಿಸಿ ಹೇಳಿದರು. ಬೆಳಗಿನಿಂದ ಅವರ ಮಗ ಮಲ್ಲು ಬೈದಿದ್ದ, ಶಫೀಕನ ಜೊತೆ ಜಗಳವಾಗಿತ್ತು, ಹಾದಿಯಲ್ಲಿ ಸಿಕ್ಕವರು ‘ನಮ್ಮದು ಯಾವಾಗ ಹಚ್ಚತೀರಿ’ ಎಂದು ಕಿಚಾಯಿಸಿದ್ದರು. ಇವರೊಬ್ಬರೇ ಕೂಡಿಸಿ ಚಹ ಕೊಡಿಸಿದ್ದರು. ಚಹ ಮುಗಿಯುವ ಹೊತ್ತಿಗೆ ಸ್ವಲ್ಪ ಮುಂದೆ ಬಾಗಿ, ಒಳಗೆ ಸೊಸೆಗೆ ಕೇಳದಷ್ಟು ಮೆಲ್ಲಗೆ, ‘ನಮ್ಮ ಮಗಳು ಹಾತಲಗೇರಿ ನಾಕಾದಾಗ ಇರ್ತಾಳ. ಆ ಕಡೆ ಹೋಗಿತ್ತೇನಪಾ ನಿನ್ನ ಆಟೋ?’ ಎಂದು ಕೇಳಿದರು. ಆ ಮಗಳ ವಿಷಯ ಹೊನ್ನೇಶನಿಗೆ ಗೊತ್ತಿತ್ತು. ಆರು ವರ್ಷದ ಹಿಂದೆ ಅವಳ ತಾಯಿ ನೀಲಗಂಗವ್ವನ ಸುದ್ದಿ ಓದಿದವನೂ ಅವನೇ. ಆರೈಕೆಗೆಂದು ಮಗಳು ಕರೆದುಕೊಂಡು ಹೋದ ತಾಯಿ ಅಲ್ಲೇ ತೀರಿಕೊಂಡಿದ್ದಳು. ಗಂಡನ ಮನೆಯಿಂದ ಹೊರಡಬೇಕಾದ ಹೆಣ ಮಗಳ ಮನೆಯಿಂದ ಹೊರಟಿತ್ತು. ಅದನ್ನು ಉಳವಪ್ಪ ಕ್ಷಮಿಸಲಿಲ್ಲ. ಮಾತು ಬಿಟ್ಟಿದ್ದರು.

‘ಮಗಳು ಹಾತಲಗೇರಿ ನಾಕಾದಾಗ ಇರ್ತಾಳ, ಅಲ್ಲಿಗೆ ಆಟೋ ಹೋಗಿತ್ತೇನು ಅಂತ ಕೇಳಿದ್ರು. ನಾ ಏನ್ ಅನ್ನಬೇಕ್ರಿ?’ ಎಂದು ಹೊನ್ನೇಶ ಮೈಕಿನಲ್ಲಿ ಕೇಳಿದ. ‘ನನ್ನ ಕೆಲಸದ ಬಗ್ಗೆ ಕೇಳ್ಯಾರ. ಎದಿ ಉಬ್ಬಿಸಿ ಅಂದೆ. ಹೋಗಿತ್ರಿ, ಎರಡು ಸುತ್ತು ಹಾಕೇತಿ, ಗಿರಾಕಿಗೆ ಮೋಸ ಇಲ್ರಿ ನಮ್ಮಲ್ಲಿ.’ ಎಲ್ಲರೂ ನಕ್ಕರು. ಅವತ್ತು ಉಳವಪ್ಪ ನಕ್ಕಿರಲಿಲ್ಲ. ‘ಆತು’ ಅಂದಿದ್ದರು, ‘ಹಂಗಾರ ಕೇಳ್ಯಾಳ.’ ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದ್ದರು. ಹೊನ್ನೇಶ ಲೋಟ ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ಬಹಳ ಹೊತ್ತು ಕೂತಿದ್ದ. ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದ. ಆಟೋ ಎಲ್ಲಿಯತನಕ ಹೋಗಿತ್ತು ಎಂದು ಅವನು ಶಫೀಕನನ್ನು ಕೇಳಿರಲಿಲ್ಲ. ಎರಡು ದಿನದಿಂದ ಎಲ್ಲರೂ ತಪ್ಪು ತಪ್ಪು ಎಂದು ಹೇಳುತ್ತಿದ್ದ ಕೆಲಸದಲ್ಲಿ ಒಂದಾದರೂ ಸರಿಯಾಗಿತ್ತು ಎಂದು ಯಾರಾದರೂ ಅನ್ನಲಿ ಎಂಬ ಆಸೆಗೆ ಹೇಳಿಬಿಟ್ಟಿದ್ದ. ಮೈಕಿನಲ್ಲಿ ಇದನ್ನು ಹೇಳಲಿಲ್ಲ. ಕೊನೆಯ ಮಾತಿಗೆ ಬಂದ. ‘ಐದು ತಿಂಗಳಿಗೆ ಯಜಮಾನರು ಖರೇನ ಹೋದ್ರು. ಮಗ ಫೋನ್ ಮಾಡಿದ. ಆಟೋ ಬ್ಯಾಡರಿ, ಅಪ್ಪ ಹೇಳಿ ಹೋಗ್ಯಾನ. ನಂದು ಒಮ್ಮೆ ಸಾರ್ಯಾರ, ಬರೋರೆಲ್ಲ ಬಂದು ಹೋಗ್ಯಾರ, ಬರದವರು ಬಂದಿಲ್ಲ. ಮತ್ತೊಮ್ಮೆ ಯಾಕ?’

ಚಪ್ಪಾಳೆ ಬಿತ್ತು. ಹಿಂದಿನ ಟೇಬಲ್ಲಿನವರು ಎದ್ದು ನಿಂತರು. ವಿದ್ಯಾಶ್ರೀ ಓಡಿ ಬಂದು ಕೈ ಕುಲುಕಿದಳು, ಮುಂದಿನ ತಿಂಗಳು ಇವರಿಗೆ ಹದಿನೈದು ನಿಮಿಷ ಎಂದು ಮೈಕಿನಲ್ಲೇ ಹೇಳಿದಳು. ಹೊನ್ನೇಶ ಬೇಸಿನ್ನಿನ ಪಕ್ಕದ ಟೇಬಲ್ಲು ನೋಡಿದ. ಗಂಡ ಮತ್ತು ಮಗಳು ಕೇಕು ತಿನ್ನುತ್ತಿದ್ದರು. ಹೆಂಗಸು ಬೇಸಿನ್ನಿನ ಮುಂದೆ ನಿಂತು ಕೈ ತೊಳೆಯುತ್ತಿದ್ದಳು. ಅವನೂ ಕೈ ತೊಳೆಯಲು ಹೋದ. ಅಂಗೈ ಬೆವತಿತ್ತು. ಅವಳು ನಳ ಬಂದ್ ಮಾಡದೆ ಪಕ್ಕಕ್ಕೆ ಸರಿದು, ಕನ್ನಡಿಯಲ್ಲಿ ಅವನನ್ನು ನೋಡಿ, ‘ನಮ್ಮ ಓಣಿಗೆ ನಿಮ್ಮ ಆಟೋ ಬಂದಿರಲಿಲ್ರಿ’ ಅಂದಳು.

ಅವನಿಗೆ ಒಮ್ಮೆಲೇ ಅರ್ಥವಾಗಲಿಲ್ಲ. ನಗುವಿನ ಗುಂಗು ಇನ್ನೂ ಇತ್ತು, ಮುಖವೂ ನಗುತ್ತಲೇ ಇತ್ತು.

‘ನಾ ಶಾಂಭವಿ ಅಂತ್ರಿ. ಬೆಟಗೇರಿ ಉಳವಪ್ಪನ ಮಗಳು. ಆ ದಿನ ನಾ ಮನ್ಯಾಗ ಇದ್ದೆ. ಅಂಗಳದಾಗ ಸೆಂಡಿಗಿ ಇಡಾಕತ್ತಿದ್ದೆ. ಯಾವ ಆಟೋನೂ ಬರಲಿಲ್ಲ.’

‘ನಮ್ಮ ಆಟೋ...’ ಎಂದು ಶುರು ಮಾಡಿದ ಹೊನ್ನೇಶನಿಗೆ ಅವತ್ತು ಶಫೀಕ ಫೋನ್ ಎತ್ತಿ ಹೇಳಿದ ಮೊದಲ ಮಾತು ಈಗ, ಇಲ್ಲಿ, ಸೋಪಿನ ವಾಸನೆಯ ನಡುವೆ ನೆನಪಾಯಿತು. ‘ಬೆಟಗೇರಿ ಬಸ್ ಸ್ಟ್ಯಾಂಡಿನ ಮುಂದ ಅದೇನಿ ಸಾಹೇಬ್ರ, ಗದಗ ಕಡೆ ಇನ್ನ ಹೋಗಬೇಕು.’ ಅಲ್ಲಿಂದಲೇ ಅವನನ್ನು ತಿರುಗಿಸಿದ್ದು ತಾನು. ಹಾತಲಗೇರಿ ನಾಕಾ ಇರುವ ಗದಗಿನ ಕಡೆಗೆ ಆಟೋ ದಾಟಲೇ ಇಲ್ಲ. ಮರುದಿನ ಮಧ್ಯಾಹ್ನ ಚಹ ಕುಡಿಯುವಾಗಲೂ ಇದು ತನಗೆ ಗೊತ್ತಿದ್ದಿರಬೇಕು, ಗೊತ್ತಿದ್ದೂ ಹೇಳಿರಬೇಕು. ಹರಿಯುತ್ತಲೇ ಇದ್ದ ನಳವನ್ನು ಬಂದ್ ಮಾಡಿದ.

ಶಾಂಭವಿ ಅಳುತ್ತಿರಲಿಲ್ಲ. ಸೆರಗಿನಿಂದ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಿದ್ದಳು. ‘ಖರೇನ ಹೋದಾಗ ನನಗ ಯಾರೂ ಹೇಳಲಿಲ್ರಿ. ಮೂರು ದಿನ ಆದಮ್ಯಾಲೆ ಕಾಯಿಪಲ್ಲೆ ಮಾರೋ ಸಾಯಿಮಾ ಹೇಳಿದ್ಲು. ಅಕಿ ಗೊತ್ತೈತಿ ಅಂತ ತಿಳದು ಹೇಳಿದ್ಲು. ನಮ್ಮಣ್ಣ ಮಲ್ಲೂನ್ನ ಕೇಳಿದರ, ಅಪ್ಪನ ಬ್ಯಾಡ ಅಂದಿದ್ದ ಅಂದ. ಯಾಕ ಬ್ಯಾಡ ಅಂದ ಅಂತ ಎರಡು ವರ್ಷ ಆತು, ಒಲಿ ಮುಂದ ಕುಂತಾಗೆಲ್ಲ ಅದನ್ನ ವಿಚಾರ ಮಾಡ್ತೀನಿ. ಅವ್ವನ ಸಲುವಾಗಿ ಇನ್ನೂ ಸಿಟ್ಟೈತಿ ಅಂತ ಮಾಡಿದ್ದೆ. ಈಗ ತಿಳೀತು.’

‘ತಂಗೀ,’ ಅಂದ ಹೊನ್ನೇಶ. ಆ ಶಬ್ದವೂ ಸಾವಿನ ಸುದ್ದಿಯ ಹಾಗೇ ಬಂತು. ‘ನಾ ಗೊತ್ತಿಲ್ಲದ ಹೇಳಿದೆ. ನನ್ನ ಕೆಲಸ ಚಲೋ ಆಗೇತಿ ಅನ್ನಿಸಿಕೊಳ್ಳಾಕ ಹೇಳಿದೆ. ನೀವು ಕೇಳೀರಿ ಅಂತ ಅವರು ತಿಳಕೊಂಡ್ರು.’

ಅವಳು ತಲೆಯಾಡಿಸಿದಳು, ತರಕಾರಿಯ ಬೆಲೆ ಕೇಳಿಕೊಂಡವರ ಹಾಗೆ. ‘ಮಾಲಿ ಮಾತಿಗೆ ನಾನೂ ನಕ್ಕೆರಿ,’ ಅಂದಳು. ‘ಅಮೃತವ್ವನ ಹೆಸರು ಬರೋತನಕ ನಕ್ಕೆ. ಅಕಿ ನಮ್ಮ ಓಣಿಯವಳು.’ ಸೆರಗು ಸರಿಮಾಡಿಕೊಂಡು, ‘ನೀವು ನಗಸ್ರಿ, ನನ್ನದೇನಿಲ್ಲ. ನಮ್ಮಪ್ಪಗೂ ಅದು ಸೇರತಿತ್ತು. ಆದರ ಮಗಳು ಕೇಳಿನೂ ಬರಲಿಲ್ಲ ಅಂತ ಹೇಳಬ್ಯಾಡ್ರಿ. ಇಷ್ಟು ಮಂದಿ ಕೇಳಿಕೊಂಡು ಹೊಂಟಾರಲ್ಲ’ ಎಂದಳು. ಮಗಳು ಕರೆದಳು. ಶಾಂಭವಿ ಹೋಗಿ ಉಳಿದ ಕೇಕನ್ನು ಡಬ್ಬಿಗೆ ಹಾಕತೊಡಗಿದಳು. ಗಂಡ ಏನಾಯಿತು ಎಂದು ಕೇಳಿದ್ದಕ್ಕೆ ಏನಿಲ್ಲ ಎಂದಳು, ಅವಳ ಬಾಯಿ ಆಡಿದ್ದು ಕಾಣಿಸಿತು.

ಕಾರ್ಯಕ್ರಮ ಮುಗಿದಿತ್ತು. ಜನ ಏಳುತ್ತಿದ್ದರು. ಹೊನ್ನೇಶ ಮೈಕಿನ ಹತ್ತಿರ ಹೋಗಿ ಹಿಡಿದ, ಅದು ಬಂದ್ ಆಗಿತ್ತು. ಯಾರೋ ಆಗಲೇ ತಂತಿ ಸುತ್ತುತ್ತಿದ್ದರು. ‘ಒಂದು ನಿಮಿಷ ಹಚ್ರಿ, ಒಂದು ಮಾತೈತಿ’ ಅಂದದ್ದಕ್ಕೆ ವಿದ್ಯಾಶ್ರೀ ನಕ್ಕು, ‘ಎಲ್ಲಾ ಈಗ ಖರ್ಚು ಮಾಡಬ್ಯಾಡ್ರಿ ಸರ, ಮುಂದಿನ ತಿಂಗಳಿಗೆ ಇರಲಿ’ ಅಂದಳು. ಅವನು ಮೆಟ್ಟಿಲಿನ ಬಾಗಿಲಿಗೆ ಓಡಿದ. ಇಳಿಯುವವರಿಗೆ ಅಡ್ಡಲಾಗಿ ನಿಂತು, ‘ಕೇಳ್ರಿ ಇಲ್ಲೆ, ಮಗಳು ಕೇಳಿನೂ ಬರಲಿಲ್ಲ ಅನ್ನೂದು ಸುಳ್ಳು. ಆಟೋನ ಹೋಗಿರಲಿಲ್ಲ. ನಾನ ಸುಳ್ಳು ಹೇಳೇನಿ’ ಅಂದ. ಮುಂದಿದ್ದ ಹುಡುಗಿಯರು ಕಿಲಕಿಲ ನಕ್ಕರು. ಅವನು ದನಿ ಎತ್ತರಿಸಿದ. ಹದಿನಾರು ವರ್ಷ ಎರಡು ಊರಿಗೆ ಕೇಳಿಸಿದ ದನಿ, ಮೆಟ್ಟಿಲ ಗೋಡೆಗೆ ಬಡಿದು ತಿರುಗಿ ಬಂತು. ‘ಹಾತಲಗೇರಿ ನಾಕಾಕ್ಕ ಆಟೋ ಹೋಗಿಲ್ರಿ. ಮಗಳಿಗೆ ಸುದ್ದಿ ಮುಟ್ಟಿಲ್ಲ. ದಯವಿಟ್ಟು ತಿಳಕೊಳ್ರಿ.’ ಅವನು ಎಷ್ಟು ಗಂಭೀರವಾಗಿ ಹೇಳಿದನೋ ಅಷ್ಟೇ ಜೋರಾಗಿ ಅವರು ನಕ್ಕರು. ಕೆಳಗೆ ಬೈಕು ಏರುತ್ತಿದ್ದವರೂ ತಲೆಯೆತ್ತಿ ನಕ್ಕರು. ಟೋಪಿಯ ಯಜಮಾನರು ಕಣ್ಣೊರೆಸಿಕೊಳ್ಳುತ್ತ ಅವನ ಭುಜ ತಟ್ಟಿ, ‘ಇದನ್ನ ಅಲ್ಲೇ ಮೈಕಿನ್ಯಾಗ ಹೇಳಬೇಕಿತ್ತಪಾ, ಇದು ಭಾಳ ಚಲೋ ಐತಿ’ ಅಂದರು.

ಅವರ ಹಿಂದೆ ಕೇಕಿನ ಡಬ್ಬಿ ಹಿಡಿದ ಶಾಂಭವಿ ಇಳಿಯಲು ದಾರಿ ಕಾಯುತ್ತ ನಿಂತಿದ್ದಳು. ಹೊನ್ನೇಶ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟ.